ಚಿವುಟಿದರೆ ಕಾಲು ಎಳೆದುಕೊಳ್ಳುವ ನಾಯಿಗೆ ನೋವು ತಿಳಿಯುತ್ತಿದೆಯೇ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ. ಕುರಿ ಸಾಕಣೆಯೇ ಮನೆತನದ ಕಸುಬು. ಹಿಂಡು ಕಾಯುವ ನಮ್ಮ ನಾಯಿ ಕರಿಯ, ಮುಧೋಳ ಬೆರಕೆಯ ಮೂರು ವರ್ಷದ ಗಂಡು. ಐದು ದಿನಗಳ ಹಿಂದೆ ಹೆದ್ದಾರಿ ದಾಟುವಾಗ ಅದಕ್ಕೆ ಟಂಟಂ ಬಡಿಯಿತು. ನನ್ನ ಮಗ ಕಣ್ಣಾರೆ ಕಂಡಿದ್ದಾನೆ. ಅಂದಿನಿಂದ ಎರಡೂ ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತದೆ. ಮೊದಲೆರಡು ದಿನ ಮುಂಗಾಲುಗಳು ಕೋಲಿನಂತೆ ಸೆಟೆದಿದ್ದವು, ಅದನ್ನು ನೋಡಿ ಕೆಲವರು ಧನುರ್ವಾಯು ಎಂದರು. ಆದರೆ ಹಿಂಗಾಲಿನ ಬೆರಳು ಚಿವುಟಿದರೆ ಕಾಲನ್ನು ಜೋರಾಗಿ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಪೆಟ್ಟಾಗುವ ಮುಂಚಿಗಿಂತಲೂ ಜೋರಾಗಿ. ‘ಕಾಲಿನಲ್ಲಿ ಜೀವ ಇದೆ, ನರ ಸತ್ತಿಲ್ಲ, ಸೊಂಟಕ್ಕೆ ಬರೆ ಹಾಕಿಸಿದರೆ ಎದ್ದು ನಿಲ್ಲುತ್ತದೆ’ ಎಂದು ಊರಿನ ಹಿರಿಯರು ಹೇಳುತ್ತಾರೆ. ಪಶು ಆಸ್ಪತ್ರೆಯ ಡಾಕ್ಟರು ಮಾತ್ರ ಬೆನ್ನಿಗೆ ಪೆಟ್ಟಾಗಿದೆ, ಎಕ್ಸ್‌ರೇ ಮಾಡಿಸಿ, ಆಸೆ ಕಡಿಮೆ ಎಂದರು. ಕಾಲು ಇಷ್ಟು ಚೆನ್ನಾಗಿ ಆಡುತ್ತಿರುವಾಗ ಆಸೆ ಕಡಿಮೆ ಯಾಕೆ? ಮೂತ್ರವೂ ತಾನಾಗಿಯೇ ಹೋಗುತ್ತಿದೆ, ದಿನವಿಡೀ ಹನಿಹನಿಯಾಗಿ. ಮೆಡಿಕಲ್ ಅಂಗಡಿಯಿಂದ ನರದ ಶಕ್ತಿಯ ಇಂಜೆಕ್ಷನ್ ತಂದು ಹಾಕಿಸುತ್ತಿದ್ದೇವೆ. ನಾವು ಕಾಯಬೇಕೆ, ಸಾಲ ಮಾಡಿಯಾದರೂ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆ, ಇಲ್ಲವೇ ಅದನ್ನು ನೋವಿನಿಂದ ಬಿಡಿಸಬೇಕೆ?

ಉತ್ತರ: ಕಾಲು ಆಡುತ್ತಿರುವಾಗ ವೈದ್ಯರು ಆಸೆ ಕಡಿಮೆ ಎಂದದ್ದೇಕೆ ಎಂಬುದು ನಿಮ್ಮ ಒಂದು ಪ್ರಶ್ನೆ, ಮುಂದೇನು ಮಾಡಬೇಕೆಂಬುದು ಇನ್ನೊಂದು. ಮೊದಲನೆಯದು ಸ್ಪಷ್ಟವಾಗದೆ ಎರಡನೆಯದನ್ನು ನಿರ್ಧರಿಸಲಾಗದು. ಆದರೆ ಇವೆರಡಕ್ಕೂ ಮೊದಲು, ನೀವು ಪ್ರಶ್ನೆಯಾಗಿ ಕೇಳದೆ ಹಾಗೆಯೇ ಹೇಳಿಹೋಗಿರುವ ಒಂದು ಸಂಗತಿಗೆ ಇಂದೇ ಗಮನ ಕೊಡಬೇಕಾಗಿದೆ.

ಅದು ಮೂತ್ರದ ವಿಷಯ. ದಿನವಿಡೀ ಹನಿಹನಿಯಾಗಿ ಹೋಗುವುದು ನಾಯಿ ಮೂತ್ರ ಮಾಡುತ್ತಿದೆ ಎಂಬುದರ ಗುರುತಲ್ಲ. ಮೂತ್ರಕೋಶ ತುಂಬಿ ಬಿಗಿದು, ಹಿಡಿಸಲಾರದಷ್ಟು ಮಾತ್ರ ಹೊರಗೆ ಸೋರುತ್ತಿದೆ ಎಂಬುದರ ಗುರುತು. ಮೂತ್ರಕೋಶ ಸಂಕುಚಿಸುವುದಕ್ಕೂ ಅದರ ಬಾಯಿಯ ಸ್ನಾಯು ಸಡಿಲುವುದಕ್ಕೂ ಹೊಂದಾಣಿಕೆ ಮಾಡಿಕೊಡುವ ಕೇಂದ್ರವು ಮಿದುಳಿನ ಕಾಂಡದಲ್ಲಿದೆ. ಅಲ್ಲಿಂದ ಬರುವ ಆಜ್ಞೆ ಬೆನ್ನಿನ ನಡುವೆ ಎಲ್ಲಿಯೋ ನಿಂತುಹೋದರೆ ಬಾಯಿ ಬಿಗಿದೇ ಉಳಿಯುತ್ತದೆ, ಒಳಗೆ ಒತ್ತಡ ಏರುತ್ತಲೇ ಹೋಗುತ್ತದೆ. ಕೆಲವು ದಿನ ಹೀಗೆಯೇ ಬಿಟ್ಟರೆ ಮೂತ್ರಕೋಶದ ಸ್ನಾಯು ಹಿಗ್ಗಿ ತನ್ನ ಬಲವನ್ನು ಕಳೆದುಕೊಳ್ಳುತ್ತದೆ, ನಿಂತ ಮೂತ್ರದಲ್ಲಿ ಸೋಂಕು ಬೆಳೆದು ಮೂತ್ರಪಿಂಡಕ್ಕೆ ಏರುತ್ತದೆ. ಇಂಥ ನಾಯಿಗಳನ್ನು ಸಾಮಾನ್ಯವಾಗಿ ಸಾಯಿಸುವುದು ಬೆನ್ನಿನ ಪೆಟ್ಟಲ್ಲ, ಈ ಸೋಂಕು ಮತ್ತು ಮಲಗಿ ಮಲಗಿ ಆಗುವ ಹುಣ್ಣುಗಳು. ಆದುದರಿಂದ ಇಂದೇ ಪಶು ಆಸ್ಪತ್ರೆಗೆ ಒಯ್ದು ಮೂತ್ರಕೋಶವನ್ನು ಖಾಲಿ ಮಾಡಿಸಿ, ಮನೆಯಲ್ಲಿ ಹೊಟ್ಟೆಯ ಎರಡೂ ಬದಿಗೆ ಅಂಗೈ ಇಟ್ಟು ಹದವಾಗಿ ಒತ್ತಿ ಖಾಲಿ ಮಾಡುವ ಕ್ರಮವನ್ನು ವೈದ್ಯರ ಕೈಯಿಂದಲೇ ನೋಡಿ ಕಲಿಯಿರಿ. ಇದನ್ನು ದಿನಕ್ಕೆ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ತೋರಿಸಿಕೊಳ್ಳದೆ ನೀವಾಗಿಯೇ ಬಲವಾಗಿ ಒತ್ತಬೇಡಿ. ತುಂಬಿ ಬಿಗಿದ ಮೂತ್ರಕೋಶ ಒಡೆಯುವ ಅಪಾಯವಿದೆ, ಅಪಘಾತದಲ್ಲಿಯೇ ಅದಕ್ಕೆ ಗಾಯವಾಗಿರುವ ಸಾಧ್ಯತೆಯೂ ಇದೆ.

ಇನ್ನು ಕಾಲಿನ ವಿಷಯ. ಚಿವುಟಿದಾಗ ಕಾಲು ಹಿಂದಕ್ಕೆ ಹೋಗುವುದನ್ನು ನೀವು ನಾಯಿಗೆ ನೋವಾಗಿದೆ, ಆದ್ದರಿಂದ ಅದು ಕಾಲನ್ನು ಎಳೆದುಕೊಂಡಿದೆ ಎಂದು ಅರ್ಥ ಮಾಡಿಕೊಂಡಿದ್ದೀರಿ. ಆರೋಗ್ಯವಂತ ನಾಯಿಯಲ್ಲಿ ಈ ಎರಡೂ ಒಟ್ಟಿಗೇ ನಡೆಯುವುದರಿಂದ ಹಾಗೆ ತಿಳಿಯುವುದು ಸಹಜ. ವಾಸ್ತವದಲ್ಲಿ ಅವು ಎರಡು ಬೇರೆ ಬೇರೆ ಕೆಲಸಗಳು, ಎರಡು ಬೇರೆ ಸ್ಥಳಗಳಲ್ಲಿ ನಡೆಯುತ್ತವೆ. ಬೆರಳಿನ ಚರ್ಮದಲ್ಲಿರುವ ಸಂವೇದಕ ನರದ ತುದಿಗಳು ಚಿವುಟಿದ ಸುದ್ದಿಯನ್ನು ಸೊಂಟದ ಭಾಗದ ಬೆನ್ನುಹುರಿಗೆ ಒಯ್ಯುತ್ತವೆ. ಆ ಸುದ್ದಿ ಬೆನ್ನುಹುರಿಯ ಮೇಲ್ಭಾಗದ ಬೇರಿನಿಂದ ಒಳಹೊಕ್ಕು, ಒಳಗಿರುವ ಮಧ್ಯವರ್ತಿ ನರಕೋಶಗಳನ್ನು ಮುಟ್ಟಿ, ಅಲ್ಲಿಂದ ಚಾಲಕ ನರಕೋಶಗಳಿಗೆ ದಾಟಿ, ಕೆಳಭಾಗದ ಬೇರಿನಿಂದ ಹೊರಬಿದ್ದು ಕಾಲನ್ನು ಮಡಚುವ ಸ್ನಾಯುಗಳಿಗೆ ಹೋಗುತ್ತದೆ. ಅದೇ ಕ್ಷಣದಲ್ಲಿ ಕಾಲನ್ನು ನೀಡಿಸುವ ಸ್ನಾಯುಗಳಿಗೆ ಸುಮ್ಮನಿರುವಂತೆ ತಡೆ ಬೀಳುತ್ತದೆ. ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಎದುರಾಗಿ ಎಳೆದು ಕಾಲು ಇದ್ದಲ್ಲಿಯೇ ಸೆಟೆಯುತ್ತಿತ್ತು. ಈ ಇಡೀ ವ್ಯವಹಾರ ಮುಗಿಯುವುದಕ್ಕೆ ಮಿದುಳಿನ ಅನುಮತಿ ಬೇಕಿಲ್ಲ. ನಿಮ್ಮ ಮಗ ಹತ್ತನೇ ತರಗತಿ ಓದಿದ್ದರೆ, ವಿಜ್ಞಾನದ ಪಾಠದಲ್ಲಿ ಪರಾವರ್ತಿತ ಚಾಪ ಎಂದು ಚಿತ್ರ ಬಿಡಿಸಿ ಗುರುತು ಹಾಕಿದ್ದು ಇದನ್ನೇ.

ನೋವಿನ ಅರಿವು ಬೇರೆ. ಅದೇ ಸುದ್ದಿಯ ಇನ್ನೊಂದು ಕವಲು ಬೆನ್ನುಹುರಿಯಲ್ಲಿ ಮೇಲಕ್ಕೆ ಹತ್ತಿ, ಎದೆಯ ಭಾಗ ಮತ್ತು ಕುತ್ತಿಗೆಯನ್ನು ದಾಟಿ, ಮಿದುಳನ್ನು ತಲುಪಿದ ಮೇಲಷ್ಟೇ ನಾಯಿಗೆ ‘ನನ್ನ ಕಾಲಿಗೆ ನೋವಾಯಿತು’ ಎಂಬುದು ತಿಳಿಯುತ್ತದೆ. ನಿಮ್ಮ ಕಡೆಯ ಕಾಲುವೆಗಳ ಮೇಲಿನ ನೀರಗಂಟಿಯನ್ನು ನೆನೆಸಿಕೊಳ್ಳಿ: ಉಪಕಾಲುವೆ ಒಡೆದದ್ದು ಕಂಡರೆ ಆತ ತೂಬನ್ನು ಇಳಿಸಿಬಿಡುತ್ತಾನೆ, ಮೇಲಿನ ಎಂಜಿನಿಯರರಿಗೆ ಫೋನ್ ಮಾಡುವುದು ಆಮೇಲಿನ ಮಾತು. ಫೋನ್ ಸತ್ತಿದ್ದರೂ ತೂಬು ಇಳಿಯುತ್ತದೆ, ಮೇಲಿನವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಕರಿಯನ ಹಿಂಗಾಲಿನಲ್ಲಿ ನೀವು ಕಾಣುತ್ತಿರುವುದು ತೂಬು ಇಳಿಯುವುದನ್ನು. ಸುದ್ದಿ ಮೇಲಕ್ಕೆ ಹೋಯಿತೋ ಇಲ್ಲವೋ ಎಂಬುದನ್ನು ಕಾಲು ನೋಡಿ ಹೇಳಲಾಗದು.

ಇದರಲ್ಲಿ ಸಂಶಯವಿದ್ದರೆ ಊರಿನಲ್ಲಿ ಎಲ್ಲರೂ ಕಂಡಿರುವುದನ್ನೇ ನೆನಪಿಸಿಕೊಳ್ಳಬಹುದು. ತಲೆ ಕಡಿದ ಕೋಳಿ ರೆಕ್ಕೆ ಬಡಿಯುತ್ತದೆ, ತುಸು ದೂರ ಓಡಿಯೂ ಓಡುತ್ತದೆ; ಕೊಯ್ದ ಕುರಿ ಕಾಲು ಒದೆಯುತ್ತದೆ; ಹಲ್ಲಿಯ ಕಡಿದ ಬಾಲ ಹೊರಳಾಡುತ್ತದೆ. 1751ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ರಾಬರ್ಟ್ ವಿಟ್ ಎಂಬ ವೈದ್ಯರು, ತಲೆಯಿಲ್ಲದ ಕಪ್ಪೆಯೂ ಚಿವುಟಿದ ಕಾಲನ್ನು ಎಳೆದುಕೊಳ್ಳುತ್ತದೆ, ಆದರೆ ಅದರ ಬೆನ್ನುಹುರಿಯನ್ನು ನಾಶಮಾಡಿದರೆ ಆ ಚಲನೆ ನಿಂತುಹೋಗುತ್ತದೆ ಎಂದು ತೋರಿಸಿದ್ದರು. ಅದೇ ಕಪ್ಪೆಯ ಬೆನ್ನಿನ ಚರ್ಮಕ್ಕೆ ಒಂದು ಹನಿ ಆಮ್ಲ ತಾಗಿಸಿದರೆ ಅದು ಹಿಂಗಾಲನ್ನು ಗುರಿಯಿಟ್ಟು ಅಲ್ಲಿಗೇ ತಂದು ಒರೆಸಿಕೊಳ್ಳುತ್ತದೆ. ಇದನ್ನು ನೋಡಿಯೇ ಜರ್ಮನಿಯ ಪ್ಫ್ಲೂಗರ್ ಎಂಬ ದೊಡ್ಡ ವಿದ್ವಾಂಸರು 1853ರಲ್ಲಿ ಬೆನ್ನುಹುರಿಗೂ ಅರಿವು ಇರಲೇಬೇಕೆಂದು ವಾದಿಸಿದರು, ಅದರ ಮೇಲೆ ಬಹಳ ಕಾಲ ಜಗಳ ನಡೆಯಿತು. ನಿಮ್ಮ ಊರಿನ ಹಿರಿಯರು ‘ಕಾಲಿನಲ್ಲಿ ಜೀವ ಇದೆ’ ಎಂದದ್ದು ಅಂಥ ವಿದ್ವಾಂಸರನ್ನೂ ನಂಬಿಸಿದ ತರ್ಕವೇ ಆಗಿರುವುದರಿಂದ, ಅವರನ್ನು ತಿಳಿಯದವರೆಂದು ನಾನು ಹೇಳುವುದಿಲ್ಲ. ಕಾಲಿನ ನರಗಳಲ್ಲಿ ಜೀವ ಇದೆ ಎಂಬಷ್ಟರ ಮಟ್ಟಿಗೆ ಅವರ ಮಾತು ನಿಜವೂ ಹೌದು. ಆದರೆ ಪೆಟ್ಟು ಬಿದ್ದಿರುವುದು ಕಾಲಿನ ನರಗಳ ಮೇಲಲ್ಲ.

‘ಮುಂಚಿಗಿಂತಲೂ ಜೋರಾಗಿ’ ಎಂದು ನೀವು ಬರೆದಿದ್ದೀರಲ್ಲ, ವೈದ್ಯರಿಗೆ ಅದು ಬಹಳ ಬೆಲೆಯುಳ್ಳ ಮಾತು. ಮಿದುಳು ಕಾಲುಗಳಿಗೆ ಆಜ್ಞೆ ಕೊಡುತ್ತದೆ ಎಂದಷ್ಟೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದರ ಕೆಲಸದ ದೊಡ್ಡ ಪಾಲು ಆಜ್ಞೆಯಲ್ಲ, ತಡೆ. ಬೆನ್ನುಹುರಿಯ ಪರಾವರ್ತಿತ ಕ್ರಿಯೆಗಳು ಸಣ್ಣ ಸಣ್ಣದಕ್ಕೂ ಹೊಮ್ಮದಂತೆ ಅದು ಎಡೆಬಿಡದೆ ಹಿಡಿದಿಟ್ಟುಕೊಂಡಿರುತ್ತದೆ. ಮೇಲಿನಿಂದ ಬರುವ ಆ ಹಿಡಿತ ಕಡಿದುಹೋದಾಗ ಕೆಳಗಿನ ಕ್ರಿಯೆಗಳು ಕಡಿವಾಣವಿಲ್ಲದೆ ಬಲವಾಗುತ್ತವೆ. ಮೊಣಕಾಲಿನ ಕೆಳಗಿನ ಸ್ನಾಯುರಜ್ಜುವಿಗೆ ತಟ್ಟಿದರೆ ಕಾಲು ಅಗತ್ಯಕ್ಕಿಂತ ಹೆಚ್ಚು ಚಿಮ್ಮುತ್ತದೆ. ಒಂದು ಕಾಲನ್ನು ಚಿವುಟಿದರೆ ಮಲಗಿದ ನಾಯಿಯ ಇನ್ನೊಂದು ಕಾಲು ತಾನಾಗಿಯೇ ನೀಡಿಕೊಳ್ಳುತ್ತದೆ, ಆರೋಗ್ಯವಂತ ನಾಯಿ ಮಲಗಿರುವಾಗ ಹಾಗೆ ಮಾಡುವುದಿಲ್ಲ. ಆದ್ದರಿಂದ ಎರಡೂ ಹಿಂಗಾಲು ಬಿದ್ದಿರುವ ನಾಯಿಯಲ್ಲಿ ಚಿವುಟಿದಾಗ ಕಾಲು ಹಿಂದಿಗಿಂತ ಜೋರಾಗಿ ಸೆಳೆಯುತ್ತಿದೆ ಎಂದರೆ, ಸೊಂಟದ ಭಾಗದ ಬೆನ್ನುಹುರಿ ಸರಿಯಾಗಿದೆ, ಅದಕ್ಕೂ ಮಿದುಳಿಗೂ ನಡುವಿನ ದಾರಿ ಎಲ್ಲಿಯೋ ಕೆಟ್ಟಿದೆ ಎಂದು ಅರ್ಥ. ಪೆಟ್ಟು ಸೊಂಟದ ಭಾಗಕ್ಕೇ ಬಿದ್ದಿದ್ದರೆ ಕಾಲು ಹರಿದ ಬಟ್ಟೆಯಂತೆ ಜೋತುಬಿದ್ದು, ಎಷ್ಟು ಚಿವುಟಿದರೂ ಅಲುಗದೆ, ಒಂದು ವಾರದೊಳಗೆ ತೊಡೆಯ ಮಾಂಸ ಕರಗತೊಡಗುತ್ತಿತ್ತು.

ಮುಂಗಾಲುಗಳ ಸೆಟೆತವೂ ಇದೇ ಕಥೆಯನ್ನು ಹೇಳುತ್ತದೆ. ಅದು ಧನುರ್ವಾಯು ಅಲ್ಲ. ಧನುರ್ವಾಯುವಿನಲ್ಲಿ ದವಡೆ ಕಚ್ಚಿಕೊಳ್ಳುತ್ತದೆ, ಕಿವಿಗಳು ನಿಮಿರುತ್ತವೆ, ಹಣೆಯ ಚರ್ಮ ಬಿಗಿದು ಮುಖವೇ ಬದಲಾಗುತ್ತದೆ. ಗಾಯವಾದ ಗಳಿಗೆಯಲ್ಲೇ ಅದು ಕಾಣಿಸಿಕೊಳ್ಳುವುದೂ ಇಲ್ಲ. ನಾಯಿಯ ಸೊಂಟದ ಬೆನ್ನುಹುರಿಯಲ್ಲಿ ಮುಂಗಾಲಿನ ನೀಡುವ ಸ್ನಾಯುಗಳನ್ನು ಹದದಲ್ಲಿಡುವ ಒಂದು ಬಗೆಯ ನರಕೋಶಗಳಿವೆ. ಅವುಗಳ ತಂತುಗಳು ಬೆನ್ನಿನುದ್ದಕ್ಕೂ ಮೇಲೇರಿ ಮುಂಗಾಲಿನ ಭಾಗಕ್ಕೆ ತಲುಪುತ್ತವೆ. ನಡುವೆ ಬೆನ್ನುಹುರಿಗೆ ಜೋರಾದ ಪೆಟ್ಟು ಬಿದ್ದರೆ ಆ ಹದ ತಪ್ಪಿ ಮುಂಗಾಲು ಸೆಟೆಯುತ್ತದೆ. ಇದನ್ನು ಗುರುತಿಸಿದವರ ಹೆಸರಿನಲ್ಲಿ ಷಿಫ್–ಷೆರಿಂಗ್ಟನ್ ಲಕ್ಷಣ ಎಂದು ಕರೆಯುತ್ತಾರೆ. ಆ ಷೆರಿಂಗ್ಟನ್ನರೇ ನರಕೋಶಗಳ ಕಾರ್ಯದ ಕುರಿತ ಶೋಧಗಳಿಗಾಗಿ 1932ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರು. ಸೆಟೆದಿದ್ದರೂ ಆ ಮುಂಗಾಲುಗಳಿಂದಲೇ ನಾಯಿ ತೆವಳಬಲ್ಲದು, ಅವುಗಳಲ್ಲಿ ಸ್ಪರ್ಶವೂ ಇರುತ್ತದೆ, ಅಂದರೆ ಕುತ್ತಿಗೆಗೆ ಪೆಟ್ಟಾಗಿಲ್ಲ. ಸೆಟೆತ ತಾನಾಗಿಯೇ ಇಳಿಯುತ್ತದೆ. ಇಳಿದದ್ದು ಗುಣವಾಗುತ್ತಿರುವುದರ ಗುರುತಲ್ಲ, ಹಾಗೆಯೇ ಅದು ಕಾಣಿಸಿಕೊಂಡದ್ದರಿಂದಲೇ ನಾಯಿ ಎಂದಿಗೂ ಏಳುವುದಿಲ್ಲ ಎಂದು ಹೇಳಲೂ ಬರುವುದಿಲ್ಲ. ಎದೆಗೂಡಿನ ಗಟ್ಟಿ ಭಾಗ ಮುಗಿದು ಸೊಂಟದ ಬಾಗುವ ಭಾಗ ಶುರುವಾಗುವ ಸಂಧಿಯ ಆಸುಪಾಸಿನಲ್ಲಿ ಬೆನ್ನುಮೂಳೆ ಮುರಿದಿರಬಹುದು ಅಥವಾ ಜರುಗಿರಬಹುದು ಎಂದು ನಿಮ್ಮ ವಿವರಣೆಯಿಂದ ನನಗನ್ನಿಸುತ್ತದೆ. ವಾಹನ ಬಡಿದ ನಾಯಿಗಳಲ್ಲಿ ಇದು ತೀರಾ ಸಾಮಾನ್ಯವಾದ ಸ್ಥಳ.

ಹಾಗಾದರೆ ಆಸೆಯನ್ನು ಯಾವುದರಿಂದ ಅಳೆಯಬೇಕು? ಕಾಲಿನಿಂದಲ್ಲ, ನಾಯಿಯ ಮುಖದಿಂದ. ನಿಮ್ಮ ಪತ್ರದಲ್ಲಿ ಕಾಲು ಎಳೆದುಕೊಂಡ ವಿಷಯವಿದೆ, ಆ ಹೊತ್ತಿನಲ್ಲಿ ಕರಿಯ ಏನು ಮಾಡಿತು ಎಂಬುದಿಲ್ಲ. ಅದು ತಿರುಗಿ ನೋಡಿತೆ? ಕುಂಯ್‌ಗುಟ್ಟಿತೆ? ಕಚ್ಚಲು ಬಂದಿತೆ? ಈ ಪರೀಕ್ಷೆಯನ್ನು ವೈದ್ಯರು ಹೀಗೆ ಮಾಡುತ್ತಾರೆ. ನೊಂದ ನಾಯಿ ಯಜಮಾನನನ್ನೂ ಕಚ್ಚುತ್ತದೆ, ಆದ್ದರಿಂದ ಮೊದಲು ಬಟ್ಟೆಯ ಪಟ್ಟಿಯಿಂದ ಅದರ ಬಾಯಿಯನ್ನು ಸಡಿಲವಾಗಿ ಕಟ್ಟಿ, ಒಂದು ಮಗ್ಗುಲಿಗೆ ಮಲಗಿಸಬೇಕು. ಒಬ್ಬರು ತಲೆಯ ಬಳಿ ಕುಳಿತು ಕಣ್ಣು, ಕಿವಿ, ಉಸಿರಾಟವನ್ನು ಮಾತ್ರ ನೋಡುತ್ತಿರಬೇಕು, ಇನ್ನೊಬ್ಬರು ನಾಯಿಗೆ ಕಾಣದಂತೆ ಹಿಂದಿನಿಂದ ಬೆರಳಿನ ನಡುವಿನ ಚರ್ಮವನ್ನು ಚಿವುಟಬೇಕು. ಪ್ರತಿಕ್ರಿಯೆ ಬಾರದಿದ್ದರೆ ವೈದ್ಯರು ಬೆರಳಿನ ಮೂಳೆಯ ಮೇಲೆಯೇ ಚಿಮ್ಮಟದಿಂದ ಬಿಗಿಯಾಗಿ ಒತ್ತುತ್ತಾರೆ. ಎರಡೂ ಕಾಲುಗಳ ಒಳಗಿನ ಮತ್ತು ಹೊರಗಿನ ಬೆರಳುಗಳನ್ನೂ ಬಾಲವನ್ನೂ ಹೀಗೆ ಪರೀಕ್ಷಿಸಬೇಕು. ಕಾಲು ಎಳೆದುಕೊಂಡಿತೇ ಎಂಬುದನ್ನು ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ತಲೆ ತಿರುಗಿಸುವುದು, ಮುಲುಗುವುದು, ಕಣ್ಣಿನ ಪಾಪೆ ಹಿಗ್ಗುವುದು, ಸಮನಾಗಿ ನಡೆಯುತ್ತಿದ್ದ ಉಸಿರು ಒಮ್ಮೆಲೇ ತಡೆಯುವುದು, ಇವುಗಳಲ್ಲಿ ಒಂದಾದರೂ ಪ್ರತಿ ಸಲ ಚಿವುಟಿದಾಗಲೂ ಕಂಡುಬಂದರೆ ಸುದ್ದಿ ಮಿದುಳಿಗೆ ಮುಟ್ಟುತ್ತಿದೆ ಎಂದು ತಿಳಿಯಬಹುದು. ಕಾಲು ಜೋರಾಗಿ ಮಡಚಿಕೊಂಡು, ನಾಯಿ ಮಾತ್ರ ನಿಮ್ಮ ಮಗನ ಕೈಯಲ್ಲಿರುವ ರೊಟ್ಟಿಯನ್ನೇ ನೋಡುತ್ತಿದ್ದರೆ ಮುಟ್ಟುತ್ತಿಲ್ಲ. ಮನೆಯಲ್ಲಿ ಚರ್ಮವನ್ನು ಚಿವುಟಿ ನೋಡುವಷ್ಟಕ್ಕೆ ನಿಲ್ಲಿಸಿ. ಇಕ್ಕಳ ಹಿಡಿದು ಮೂಳೆ ಒತ್ತುವ ಪ್ರಯೋಗ ಬೇಡ. ಬಂದವರೆಲ್ಲರೆದುರು ಮತ್ತೆ ಮತ್ತೆ ಮಾಡಿ ತೋರಿಸುವುದೂ ಬೇಡ.

ಇನ್ನೊಂದು ಪರೀಕ್ಷೆಯನ್ನೂ ಕೇಳಿಕೊಳ್ಳಿ. ಎತ್ತಿನ ಮೈಮೇಲೆ ನೊಣ ಕುಳಿತಾಗ ಅಷ್ಟು ಜಾಗದ ಚರ್ಮ ಅದುರುವುದನ್ನು ನೋಡಿದ್ದೀರಿ. ನಾಯಿಯ ಬೆನ್ನಿನ ಚರ್ಮದಡಿಯಲ್ಲಿಯೂ ಅದೇ ಸ್ನಾಯು ಇದೆ. ಸೊಂಟದಿಂದ ಹೆಗಲಿನ ಕಡೆಗೆ ಬೆನ್ನುಮೂಳೆಯ ಇಕ್ಕೆಲದ ಚರ್ಮವನ್ನು ಮೆಲ್ಲನೆ ಚಿವುಟುತ್ತ ಹೋದರೆ, ಆ ಸುದ್ದಿ ಬೆನ್ನುಹುರಿಯಲ್ಲಿ ಮೇಲೇರಿ, ಕುತ್ತಿಗೆಯ ಬುಡದಲ್ಲಿರುವ ಚಾಲಕ ನರಕೋಶಗಳನ್ನು ಮುಟ್ಟಿ, ಅಲ್ಲಿಂದ ಹೊರಟ ನರದ ಮೂಲಕ ಚರ್ಮ ಅದುರುತ್ತದೆ. ಪೆಟ್ಟಿನ ಕೆಳಗೆ ಚಿವುಟಿದಾಗ ಸುದ್ದಿ ಮೇಲೇರದ ಕಾರಣ ಚರ್ಮ ಸುಮ್ಮನಿರುತ್ತದೆ, ಒಂದು ಗೆರೆ ದಾಟುತ್ತಲೇ ಅದುರತೊಡಗುತ್ತದೆ. ಆ ಗೆರೆಗಿಂತ ತುಸು ಮುಂದೆ, ಬೆನ್ನುಮೂಳೆಯ ಒಂದೆರಡು ಮಣಿಗಳ ಅಂತರದಲ್ಲಿ ಗಾಯವಿರುತ್ತದೆ. ಎಕ್ಸ್‌ರೇಯನ್ನು ಎಲ್ಲಿ ತೆಗೆಯಬೇಕೆಂಬುದು ಇದರಿಂದ ಗೊತ್ತಾಗುವುದರಿಂದ ಒಂದೆರಡು ಫಿಲ್ಮಿನ ಹಣವೂ ಉಳಿಯುತ್ತದೆ.

ಎಕ್ಸ್‌ರೇ ಮಾಡಿಸಲೇಬೇಕು ಎಂದು ನಾನೂ ಹೇಳುತ್ತೇನೆ. ಮೊದಲನೆಯ ಕಾರಣ, ವಾಹನ ಬಡಿದ ಅನೇಕ ನಾಯಿಗಳಲ್ಲಿ ಬೆನ್ನಿಗೇನೂ ಆಗದೆ ಸೊಂಟದ ಮೂಳೆ ಮಾತ್ರ ಮುರಿದಿರುತ್ತದೆ. ಅವೂ ಹಿಂಗಾಲು ಎಳೆಯುತ್ತವೆ, ನೋಡಲು ಲಕ್ವ ಹೊಡೆದಂತೆಯೇ ಕಾಣುತ್ತವೆ, ಆದರೆ ಕೆಲವು ವಾರ ಇಕ್ಕಟ್ಟಾದ ಜಾಗದಲ್ಲಿ ಕೂಡಿಟ್ಟರೆ ಬಹುಪಾಲು ಎದ್ದು ಓಡಾಡುತ್ತವೆ. ಕರಿಯನ ಮುಂಗಾಲಿನ ಸೆಟೆತ ಇದಕ್ಕೆ ಹೊಂದುವುದಿಲ್ಲ, ಆದರೂ ನೋಡದೆ ತಳ್ಳಿಹಾಕುವಂತಿಲ್ಲ. ಎರಡನೆಯದಾಗಿ, ಎಕ್ಸ್‌ರೇಯಲ್ಲಿ ಕಾಣುವುದು ಚಿತ್ರ ತೆಗೆದ ಹೊತ್ತಿನ ಮೂಳೆಯ ಜಾಗ ಮಾತ್ರ. ಬಡಿದ ಕ್ಷಣದಲ್ಲಿ ಮಣಿ ಬಹಳ ದೂರ ಜರುಗಿ, ಬೆನ್ನುಹುರಿಯನ್ನು ಜಜ್ಜಿ, ಮತ್ತೆ ಸ್ನಾಯುಗಳ ಎಳೆತಕ್ಕೆ ತನ್ನ ಜಾಗಕ್ಕೆ ಬಂದಿರಬಹುದು. ಆದುದರಿಂದ ಚಿತ್ರ ಚೆನ್ನಾಗಿದೆ ಎಂದರೆ ಬೆನ್ನುಹುರಿ ಚೆನ್ನಾಗಿದೆ ಎಂದಲ್ಲ. ನೋವಿನ ಪರೀಕ್ಷೆಯನ್ನು ಬಿಟ್ಟು ಬರೀ ಚಿತ್ರ ನೋಡಿ ತೀರ್ಮಾನ ಕೊಡುವವರ ಮಾತನ್ನು ಒಪ್ಪಬೇಡಿ. ಒಯ್ಯುವಾಗ ಗೋಣಿಚೀಲದಲ್ಲಿ ಜೋಲಿ ಕಟ್ಟಿ ಎತ್ತಬೇಡಿ. ಅಗಲವಾದ ಹಲಗೆಯ ಮೇಲೆ ಮಲಗಿಸಿ, ಹೆಗಲಿಗೂ ಸೊಂಟಕ್ಕೂ ಪಟ್ಟಿ ಬಿಗಿದು, ಬೆನ್ನು ಬಾಗದಂತೆ ಒಯ್ಯಿರಿ. ಜರುಗಿದ ಮಣಿ ದಾರಿಯ ಕುಲುಕಾಟಕ್ಕೆ ಇನ್ನಷ್ಟು ಜರುಗಬಲ್ಲದು.

ಬರೆಯ ವಿಷಯದಲ್ಲಿ ನಾನು ಮೆತ್ತಗೆ ಮಾತನಾಡಲಾರೆ. ಕಾದ ಕಬ್ಬಿಣದಿಂದ ಸುಟ್ಟ ಚರ್ಮಕ್ಕೂ ಒಳಗೆ ಮೂಳೆಯ ಕೊಳವೆಯಲ್ಲಿ ಜಜ್ಜಿದ ಬೆನ್ನುಹುರಿಗೂ ಸಂಬಂಧವಿಲ್ಲ. ಬರೆ ಹಾಕಿಸಿದ ಮೇಲೆ ಎದ್ದು ನಿಂತ ದನಗಳ ಕಥೆ ಪ್ರತಿ ಊರಿನಲ್ಲಿಯೂ ಇದೆ. ಅವು ಜಾರಿ ಬಿದ್ದು ನರ ಮರಗಟ್ಟಿದ, ತಪ್ಪು ಜಾಗಕ್ಕೆ ಸೂಜಿ ಚುಚ್ಚಿಸಿಕೊಂಡು ಕುಂಟುತ್ತಿದ್ದ, ಕೆಲವು ದಿನಗಳಲ್ಲಿ ತಾವಾಗಿಯೇ ಏಳುತ್ತಿದ್ದ ದನಗಳು; ಏಳುವ ಕಾಲಕ್ಕೆ ಬರೆಯೂ ಬಿದ್ದಿರುತ್ತದೆ, ಕೀರ್ತಿ ಬರೆಗೆ ಹೋಗುತ್ತದೆ. ಸ್ಪರ್ಶವೇ ಇಲ್ಲದ ಚರ್ಮಕ್ಕೆ ಬರೆ ಹಾಕಿದರೆ ನಾಯಿ ಒದ್ದಾಡುವುದಿಲ್ಲವಾದ್ದರಿಂದ ಹಾಕುವವನ ಕೈ ಇನ್ನೂ ಆಳಕ್ಕೆ ಇಳಿಯುತ್ತದೆ, ಆ ಗಾಯವನ್ನು ನಾಯಿ ನೆಕ್ಕಲೂ ಆಗದೆ ಹುಳ ಬೀಳುತ್ತದೆ. ನರದ ಶಕ್ತಿಯ ಇಂಜೆಕ್ಷನ್ ಅಂಥ ಕೇಡು ಮಾಡದು, ಪ್ರಯೋಜನವೂ ಇಲ್ಲ. ಅದರಲ್ಲಿರುವುದು ಬಿ ಗುಂಪಿನ ವಿಟಮಿನ್. ಕಾಲಿನ ನರ ಕಡಿದಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಮತ್ತೆ ಬೆಳೆಯಬಲ್ಲದು. ನಾಯಿ, ದನ, ಮನುಷ್ಯರ ಬೆನ್ನುಹುರಿಯೊಳಗೆ ಕಡಿದ ತಂತುಗಳು ಹಾಗೆ ಬೆಳೆದು ಕೂಡಿಕೊಳ್ಳುವುದಿಲ್ಲ, ವಿಟಮಿನ್ ಕೊಟ್ಟರೂ ಕೂಡಿಕೊಳ್ಳುವುದಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೊಡಿಸಿ ಎಂದು ಯಾರಾದರೂ ಹೇಳಿದರೆ ಎಚ್ಚರವಾಗಿರಿ, ಪೆಟ್ಟಾಗಿ ಐದು ದಿನ ಕಳೆದ ಮೇಲೆ ಅದರಿಂದ ಲಾಭವಿಲ್ಲ, ಹೊಟ್ಟೆ ಮತ್ತು ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರುವ, ಮೂತ್ರದ ಸೋಂಕು ಹೆಚ್ಚುವ ಅಪಾಯವಿದೆ. ಅದರ ಜೊತೆಗೆ ಮನುಷ್ಯರ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್ ಮಾತ್ರೆ ಸೇರಿದರೆ ನಾಯಿ ಅದರಿಂದಲೇ ಸಾಯಬಹುದು. ನೋವು ನಿವಾರಕ ಬೇಕೇ ಬೇಕು, ಆದರೆ ನಾಯಿಗೆ ಹೊಂದುವುದನ್ನು ವೈದ್ಯರೇ ಬರೆದುಕೊಡಲಿ.

ಈಗ ದಾರಿಗಳ ಮಾತು. ಪರೀಕ್ಷೆಯಲ್ಲಿ ನೋವು ಮಿದುಳಿಗೆ ತಿಳಿಯುತ್ತಿದೆ ಎಂದು ಸಿದ್ಧವಾದರೆ, ಕಾಯುವುದಕ್ಕೂ ಖರ್ಚು ಮಾಡುವುದಕ್ಕೂ ಅರ್ಥವಿದೆ. ಮಣಿ ಹೆಚ್ಚು ಜರುಗಿರದಿದ್ದರೆ ಶಸ್ತ್ರಚಿಕಿತ್ಸೆ ಇಲ್ಲದೆ, ತಿರುಗಲು ಮಾತ್ರ ಜಾಗವಿರುವ ಪೆಟ್ಟಿಗೆಯಲ್ಲೋ ಕುರಿದೊಡ್ಡಿಯ ಮೂಲೆಯಲ್ಲಿ ಅಡ್ಡ ಕಟ್ಟಿದ ಜಾಗದಲ್ಲೋ ಸುಮಾರು ಆರು ವಾರ ಕಟ್ಟುನಿಟ್ಟಾಗಿ ಇಟ್ಟು ನೋಡಬಹುದು. ಇಲ್ಲಿ ಸೋಲುವುದು ಸಾಮಾನ್ಯವಾಗಿ ಮನೆಯವರ ಕನಿಕರದಿಂದ: ಹತ್ತು ದಿನಕ್ಕೆ ನಾಯಿ ಚೂರು ಚೇತರಿಸಿಕೊಂಡು ಕೂಗಾಡಿದಾಗ ಪಾಪ ಎಂದು ಬಿಚ್ಚಿಬಿಡುತ್ತಾರೆ, ಅಂಟುತ್ತಿದ್ದ ಮೂಳೆ ಮತ್ತೆ ಕದಲುತ್ತದೆ. ಮಣಿ ಜರುಗಿ ಅಲ್ಲಾಡುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ಬಿಗಿಯುವುದು ಮೇಲು. ಅದಕ್ಕೆ ನೀವು ಬೀದರಿನ ಪಶುವೈದ್ಯಕೀಯ ಕಾಲೇಜನ್ನೋ ಬೆಂಗಳೂರಿನ ಹೆಬ್ಬಾಳದ ಕಾಲೇಜನ್ನೋ ಮೊದಲು ಫೋನಿನಲ್ಲಿ ವಿಚಾರಿಸಿ, ಎಕ್ಸ್‌ರೇಯ ಫೋಟೊ ಕಳಿಸಿ, ಅವರು ತೆಗೆದುಕೊಳ್ಳುತ್ತೇವೆ ಎಂದ ಮೇಲೆ ಹೊರಡಿ. ಅಷ್ಟು ದೂರದ ಪ್ರಯಾಣವೇ ಬೆನ್ನಿಗೆ ಒಂದು ಅಪಾಯ.

ನೋವು ತಿಳಿಯುತ್ತಿಲ್ಲ, ಮೂಳೆಯೂ ಮುರಿದು ಜರುಗಿದೆ ಎಂದಾದರೆ ಸತ್ಯವನ್ನು ಸುತ್ತಿ ಬಳಸಿ ಹೇಳುವುದರಿಂದ ನಿಮಗೆ ಉಪಕಾರವಾಗದು. ಬೆನ್ನಿನ ಮಣಿಗಳ ನಡುವಿನ ಬಿಲ್ಲೆ ಜಾರಿ ಬೆನ್ನುಹುರಿ ಒತ್ತಿದ ನಾಯಿಗಳಲ್ಲಿ, ನೋವಿನ ಅರಿವು ಹೋಗಿದ್ದರೂ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದರೆ ಸುಮಾರು ಅರ್ಧದಷ್ಟು ಮತ್ತೆ ನಡೆಯುತ್ತವೆ. ಇಂಟರ್‌ನೆಟ್ಟಿನಲ್ಲಿ ನೀವು ನೋಡಿರಬಹುದಾದ ಎದ್ದು ಓಡುವ ನಾಯಿಗಳ ವಿಡಿಯೊಗಳು ಹೆಚ್ಚಾಗಿ ಅಂಥವು. ವಾಹನ ಬಡಿದು ಮೂಳೆ ಮುರಿದ ನಾಯಿಗಳ ಲೆಕ್ಕ ಬೇರೆ. ಅರಿವು ಹೋದ ಮೇಲೆ ಮತ್ತೆ ಸರಿಯಾಗಿ ನಡೆದವು ತೀರಾ ಕೆಲವೇ. ಐದು ದಿನ ಕಳೆದ ಮೇಲೆ ಶಸ್ತ್ರಚಿಕಿತ್ಸೆಗಾಗಿ ಸಾಲ ಮಾಡಿ ಎಂದು ಇಂಥ ಸಂದರ್ಭದಲ್ಲಿ ನಾನು ಹೇಳುವುದಿಲ್ಲ.

ಆದರೂ ಒಂದು ವಿಚಿತ್ರವನ್ನು ಮುಚ್ಚಿಡಬಾರದು, ಏಕೆಂದರೆ ಕರಿಯ ಬದುಕುಳಿದರೆ ಅದು ನಿಮ್ಮ ಕಣ್ಣಿಗೇ ಬೀಳಬಹುದು. ನಡೆಯುವಾಗ ಕಾಲುಗಳು ಒಂದರ ನಂತರ ಒಂದು ಮಡಚಿ ನೀಡುವ ತಾಳವನ್ನು ಹುಟ್ಟಿಸುವ ನರಜಾಲವೂ ಸೊಂಟದ ಬೆನ್ನುಹುರಿಯಲ್ಲಿಯೇ ಇದೆ. 1911ರಲ್ಲಿ ಗ್ರಹಾಂ ಬ್ರೌನ್ ಎಂಬುವರು ಬೆಕ್ಕಿನಲ್ಲಿ ಇದನ್ನು ತೋರಿಸಿದರು. ಬೆನ್ನುಹುರಿ ಕಡಿದ ಬೆಕ್ಕುಗಳು ಅಭ್ಯಾಸದ ನಂತರ ಉರುಳುವ ಪಟ್ಟಿಯ ಮೇಲೆ ಹಿಂಗಾಲಿನಿಂದ ಹೆಜ್ಜೆ ಹಾಕಿದ್ದನ್ನು ಆಮೇಲಿನವರು ಕಂಡಿದ್ದಾರೆ. ಹಾಗೆಯೇ ನೋವಿನ ಅರಿವು ಎಂದೂ ಮರಳದ ಕೆಲವು ನಾಯಿಗಳು, ತಿಂಗಳುಗಳ ಕಾಲ ಎತ್ತಿ ಹಿಡಿದು ನಡೆಸಿದ ಮೇಲೆ, ಕುಡಿದವರಂತೆ ತೂರಾಡುತ್ತ ನಾಲ್ಕು ಕಾಲಿನಲ್ಲಿ ನಡೆಯತೊಡಗುತ್ತವೆ. ಮಿದುಳು ಹಿಂಗಾಲನ್ನು ನಡೆಸುತ್ತಿರುವುದಿಲ್ಲ, ಮುಂಗಾಲು ಎಳೆದ ಕಡೆಗೆ ಹಿಂಗಾಲು ತನ್ನ ತಾಳದಲ್ಲಿ ಹಿಂಬಾಲಿಸುತ್ತದೆ. ಅಂಥ ನಾಯಿ ಕಲ್ಲಿನ ಮೇಲೆ ಕಾಲು ಉಜ್ಜಿ ಗಾಯವಾದರೂ ಅರಿಯದು, ಮಲಮೂತ್ರದ ಹಿಡಿತ ಅದಕ್ಕೆ ಬರುವುದಿಲ್ಲ, ಹಿಂಡಿನ ಹಿಂದೆ ಓಡುವುದಂತೂ ಇಲ್ಲ. ಇದನ್ನು ನಂಬಿಕೊಂಡು ನಿರ್ಧಾರ ಮಾಡಬೇಡಿ. ಆದರೆ ಕಂಡಾಗ ನರ ಬೆಳೆದು ಕೂಡಿಕೊಂಡಿತು ಎಂದೂ ಭಾವಿಸಬೇಡಿ.

ಏಳದ ನಾಯಿಯನ್ನು ಸಾಕಬಹುದು, ಹಾಗೆ ಸಾಕಿದವರನ್ನು ನಾನು ಬಲ್ಲೆ. ಪಿವಿಸಿ ಪೈಪು ಮತ್ತು ಮಕ್ಕಳ ಸೈಕಲ್ಲಿನ ಚಕ್ರಗಳಿಂದ ಊರಿನ ಮೆಕ್ಯಾನಿಕ್ಕೇ ಗಾಡಿ ಮಾಡಿಕೊಡಬಲ್ಲ. ಅದಕ್ಕೆ ಬೇಕಾಗುವುದು ಹಣಕ್ಕಿಂತ ಮನೆಯಲ್ಲಿ ಸದಾ ಇರುವ ಒಂದು ಜೊತೆ ಕೈ: ದಿನಕ್ಕೆ ಮೂರು ನಾಲ್ಕು ಸಲ ಮೂತ್ರ ತೆಗೆಯಬೇಕು, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ತೊಡೆಯ ಸಂದಿಯನ್ನು ತೊಳೆದು ಒರೆಸಬೇಕು, ಸ್ಪರ್ಶವಿಲ್ಲದ ಬೆರಳುಗಳನ್ನು ತಾನೇ ಕಡಿದುಕೊಳ್ಳದಂತೆ ಕಾಯಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಿಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಬಂಡೆಯ ಮೇಲೆ ಮಲಗಿದರೂ ಚರ್ಮ ಸುಡುತ್ತಿರುವುದು ಅದಕ್ಕೆ ತಿಳಿಯದು, ನೆರಳು ಸರಿದಂತೆ ತಾನೂ ಸರಿಯಲಾರದು. ಕುರಿ ಹಿಂಡಿನೊಂದಿಗೆ ತಿಂಗಳುಗಟ್ಟಲೆ ಊರೂರು ತಿರುಗುವ ಮನೆಯವರಾದರೆ ಇದು ನಡೆಯುವ ಮಾತಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಮಾಡಲಾಗದ್ದಕ್ಕೆ ತಪ್ಪಿತಸ್ಥರೆಂದು ಕೊರಗಬೇಕಿಲ್ಲ.

ನೋವಿನ ಅರಿವಿಲ್ಲ, ಸಾಕುವ ಅನುಕೂಲವೂ ಇಲ್ಲ ಎಂದಾದರೆ ದಯಾಮರಣವನ್ನು ನಾನು ಸರಿಯಾದ ದಾರಿ ಎಂದೇ ಹೇಳುತ್ತೇನೆ. ಇನ್ನೂ ಕೆಲವು ದಿನ ನೋಡೋಣ ಎಂದು ತಳ್ಳುತ್ತ ಹೋದರೆ ಕೊನೆಗೆ ನಿರ್ಧಾರ ಮಾಡುವುದು ಹುಣ್ಣು ಮತ್ತು ಹುಳ. ಅದನ್ನು ವೈದ್ಯರ ಕೈಯಿಂದ, ಪ್ರಜ್ಞೆ ತಪ್ಪಿಸುವ ಔಷಧದ ಇಂಜೆಕ್ಷನ್ನಿನಿಂದ ಮಾತ್ರ ಮಾಡಿಸಬೇಕು. ಹೊಲಕ್ಕೆ ಹೊಡೆಯುವ ಔಷಧ ಬೆರೆಸಿ ಕೊಡುವ ರೂಢಿ ಕೆಲವೆಡೆ ಇದೆ. ಅದು ಬಹು ಹೊತ್ತಿನ ಸಂಕಟ, ಕಾನೂನಿನ ಪ್ರಕಾರ ಅಪರಾಧವೂ ಹೌದು, ಸತ್ತ ಮೈಯನ್ನು ತಿಂದ ಬೇರೆ ಪ್ರಾಣಿಗಳಿಗೂ ವಿಷ. ಔಷಧ ಏರಿ ಪ್ರಜ್ಞೆ ಹೋಗಿ ಹೃದಯ ನಿಂತ ನಂತರವೂ ಒಂದೆರಡು ಸಲ ಬಾಯಿ ತೆರೆದು ಉಸಿರೆಳೆದಂತಾಗುತ್ತದೆ, ಕಾಲುಗಳು ಅದುರುತ್ತವೆ. ಅದೂ ಮಿದುಳಿನ ಕಾಂಡ ಮತ್ತು ಬೆನ್ನುಹುರಿಯ ಉಳಿದ ಪರಾವರ್ತಿತ ಕ್ರಿಯೆಯೇ ಹೊರತು ನೋವಲ್ಲ. ನಿಮ್ಮ ಮಗ ಜೊತೆಗಿರುವುದಾದರೆ ಇದನ್ನು ಅವನಿಗೆ ಮೊದಲೇ ತಿಳಿಸಿರಿ.

ಅಪಘಾತವನ್ನು ಮಗ ಕಂಡಿರುವುದರಿಂದ ಒಂದು ಅನುಮಾನ ದೂರವಾಗಿದೆ. ಇದನ್ನು ಓದುವ ಬೇರೆಯವರಿಗಾಗಿ ಹೇಳುವುದಾದರೆ, ಪೆಟ್ಟು ಬಿದ್ದದ್ದು ಯಾರೂ ನೋಡದೆ ಕಾಲು ಬಿದ್ದ ನಾಯಿಯಲ್ಲಿ, ದಿನದಿಂದ ದಿನಕ್ಕೆ ನಿಶ್ಶಕ್ತಿ ಮುಂದಕ್ಕೆ ಏರುತ್ತಿದ್ದರೆ, ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ ಅದು ರೇಬೀಸ್ ಆಗಿರಬಹುದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ಅಂಥ ನಾಯಿಯ ಬಾಯಿಗೆ ಕೈ ಹಾಕಬಾರದು. ಕಚ್ಚಿದ ಅಥವಾ ಗಾಯಕ್ಕೆ ಜೊಲ್ಲು ತಾಗಿದ ಕೂಡಲೇ 15 ನಿಮಿಷ ಸೋಪು ನೀರಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ಮಟ್ಟಿಗೆ ಈಗ ಮೂತ್ರಕೋಶ ಖಾಲಿಯಾಗಬೇಕು, ಬರೆ ಮತ್ತು ಅಂಗಡಿಯ ಇಂಜೆಕ್ಷನ್ ನಿಲ್ಲಬೇಕು, ನಾಳೆಯೊಳಗೆ ನೋವಿನ ಪರೀಕ್ಷೆ ಮತ್ತು ಎಕ್ಸ್‌ರೇ ಆಗಬೇಕು. ಪರೀಕ್ಷೆಯ ಹೊತ್ತಿಗೆ ತಲೆಯ ಬಳಿ ಕುಳಿತು ನೋಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ಕರಿಯನ ಮುಖ ಯಾವಾಗ ಹೇಗಿರುತ್ತದೆ, ಯಾವಾಗ ಬದಲಾಗುತ್ತದೆ ಎಂಬುದು ವೈದ್ಯರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಎರಡೂ ಕಾಲುಗಳಲ್ಲಿ ಏನು ಕಂಡಿತೆಂಬುದನ್ನು ಎಕ್ಸ್‌ರೇಯ ಫೋಟೊ ಸಹಿತ ಬರೆದು ತಿಳಿಸಿದರೆ, ಶಸ್ತ್ರಚಿಕಿತ್ಸೆಗೆ ಒಯ್ಯಬೇಕೇ ಬೇಡವೇ ಎಂಬುದನ್ನು ನಾನು ನಿಮ್ಮ ವೈದ್ಯರೊಂದಿಗೇ ಮಾತನಾಡಿ ಹೇಳುತ್ತೇನೆ.